ಮುಖವಿಲ್ಲದ ಗಡಿಯಾರದ ಗಂಟೆ ಕೇಳಲು ಹೋದ ನಾಲ್ಕು ದಿನ

ದಿನ 1: ರೆಡಿಂಗ್‌ನಿಂದ ಪ್ಲಿಮತ್‌ಗೆ

ನಮ್ಮಪ್ಪ ಅರಸೀಕೆರೆ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ಅವರ ಶಾಲೆಯ ಜಗುಲಿಯಲ್ಲಿ ರೈಲು ಕಂಬಿಯ ತುಂಡೊಂದನ್ನು ದಪ್ಪ ತಂತಿಯಲ್ಲಿ ನೇತುಹಾಕಿದ್ದರು. ಪಕ್ಕದ ಗೂಡಿನಲ್ಲಿ ಒಂದು ಕಬ್ಬಿಣದ ಸಲಾಕೆ. ಅದೇ ನಮ್ಮ ಗಂಟೆ. ಅಪ್ಪ ಕೈಗಡಿಯಾರ ನೋಡಿ ತಲೆ ಆಡಿಸಿದರೆ ಸಾಕು, ಯಾರಾದರೂ ಒಬ್ಬ ಹುಡುಗ ಓಡಿಹೋಗಿ ಹೊಡೆಯುತ್ತಿದ್ದ. ಹೊಲದಲ್ಲಿ ಕಳೆ ಕೀಳುತ್ತಿದ್ದವರೂ ಆ ಸದ್ದು ಕೇಳಿ ಊಟಕ್ಕೆ ಏಳುತ್ತಿದ್ದರು.

ಈ ಸಲ ಅಪ್ಪ ಎರಡು ತಿಂಗಳಿಗೆಂದು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನನ್ನ ಮನೆಗೆ ಬಂದಿದ್ದರು. ಅಮ್ಮನಿಗೆ ಮಂಡಿನೋವು, ಅಷ್ಟು ದೂರದ ವಿಮಾನ ಬೇಡ ಎಂದು ಊರಲ್ಲೇ ಉಳಿದರು. ಒಂದು ಸಂಜೆ ಚಹಾ ಕುಡಿಯುವಾಗ ಅಪ್ಪನಿಗೆ ಸುಮ್ನೆ ಹೇಳಿದೆ. ದೇಶದ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಕಾಟೀಲ್ ಅಂತ ಒಂದು ಹಳೆಯ ಮನೆ ಇದೆ, ಅಲ್ಲಿ 500 ವರ್ಷದ ಗಡಿಯಾರವೊಂದಿದೆ, ಅದಕ್ಕೆ ಮುಖವೂ ಇಲ್ಲ, ಮುಳ್ಳೂ ಇಲ್ಲ ಎಂದು.

"ಮತ್ತೆ ಟೈಮ್ ಹೇಗೆ ಗೊತ್ತಾಗುತ್ತೋ?"

"ಗಂಟೆ ಹೊಡೆಯುತ್ತೆ ಅಪ್ಪ. ಅಷ್ಟೇ."

ಅಪ್ಪ ಲೋಟ ಕೆಳಗಿಟ್ಟರು. "ಹಾಗಾದ್ರೆ ಅದನ್ನ ನೋಡಬೇಕು ಕಣೋ. ಅಲ್ಲ, ಕೇಳಬೇಕು" ಎಂದರು.

ಏಪ್ರಿಲ್ ಕೊನೆಯ ವಾರ ಹೊರಟೆವು. ರೆಡಿಂಗ್‌ನಿಂದ ಪ್ಲಿಮತ್‌ಗೆ ರೈಲಿನಲ್ಲಿ ಸುಮಾರು ಮೂರು ಗಂಟೆಯ ಹಾದಿ. ಚಪಾತಿ ಸುರುಳಿ, ಚಟ್ನಿಪುಡಿ, ಚಕ್ಕುಲಿ ಕಟ್ಟಿಕೊಂಡಿದ್ದೆವು. ಎಕ್ಸೆಟರ್ ದಾಟಿದ ಮೇಲೆ ಹಳಿ ಸಮುದ್ರದ ಅಂಚಿಗೇ ಬಂದುಬಿಡುತ್ತದೆ. ಡಾಲಿಶ್ ಎಂಬ ಊರಲ್ಲಂತೂ ಕಿಟಕಿಯಾಚೆ ಒಂದು ಗೋಡೆ, ಗೋಡೆಯಾಚೆ ನೀರು. 2014ರ ಫೆಬ್ರವರಿಯ ಬಿರುಗಾಳಿಗೆ ಇಲ್ಲಿನ ಗೋಡೆ ಕೊಚ್ಚಿಹೋಗಿ ಹಳಿಗಳು ಗಾಳಿಯಲ್ಲಿ ಜೋತಾಡಿದ್ದವು. ಎರಡು ತಿಂಗಳು ರೈಲು ಇರಲಿಲ್ಲ. ಅಪ್ಪ ಚಪಾತಿ ಕೈಯಲ್ಲಿ ಹಿಡಿದೇ ಮರೆತು ಅಲೆಗಳನ್ನು ನೋಡುತ್ತಿದ್ದರು.

ಪ್ಲಿಮತ್‌ನಲ್ಲಿ ಆ ದಿನ ಬೇರೇನೂ ಮಾಡಲಿಲ್ಲ. ಬಂದರಿನ ಕಡೆ ಒಂದು ಸುತ್ತು ಹೋಗಿಬಂದು ಬೇಗ ಮಲಗಿದೆವು.

ದಿನ 2: ಕಾಟೀಲ್

ಪ್ಲಿಮತ್‌ನಿಂದ ಟೇಮರ್ ಕಣಿವೆಯ ಪುಟ್ಟ ರೈಲು ಹತ್ತಿದೆವು. ಎರಡೇ ಬೋಗಿ. ಡೆವನ್ ಮತ್ತು ಕಾರ್ನ್‌ವಾಲ್ ಜಿಲ್ಲೆಗಳ ನಡುವಿನ ಗಡಿಯೇ ಈ ಟೇಮರ್ ನದಿ. ರೈಲು ಮೊದಲು ಎಂಜಿನಿಯರ್ ಬ್ರುನೆಲ್ ಕಟ್ಟಿದ ರಾಯಲ್ ಆಲ್ಬರ್ಟ್ ಸೇತುವೆಯ ಬುಡದಲ್ಲಿ ಹಾದುಹೋಗುತ್ತದೆ. 1859ರ ಸೇತುವೆ ಅದು, ಎರಡು ದೊಡ್ಡ ಕಬ್ಬಿಣದ ಕೊಳವೆಗಳು ಕಮಾನಿನ ಹಾಗೆ ಬಾಗಿವೆ. ಬೇರ್ ಆಲ್ಸ್ಟನ್ ಎಂಬಲ್ಲಿ ರೈಲು ನಿಂತಿತು. ಡ್ರೈವರ್ ಇಳಿದು ಇನ್ನೊಂದು ತುದಿಗೆ ನಡೆದು ಬಂದ, ರೈಲು ಹಿಮ್ಮುಖವಾಗಿ ಹೊರಟಿತು. ಜಂಕ್ಷನ್ ಊರಿನ ಪಕ್ಕ ಬೆಳೆದ ಅಪ್ಪನಿಗೆ ಇದು ಎಲ್ಲಕ್ಕಿಂತ ಇಷ್ಟವಾಯಿತು.

ಕಾಲ್‌ಸ್ಟಾಕ್ ಬರುವ ಮುಂಚೆ ರೈಲು ನದಿಯನ್ನು ದಾಟುತ್ತದೆ. ಕೆಳಗೆ 12 ಕಮಾನುಗಳ ಸೇತುವೆ, ನೀರಿನಿಂದ ಸುಮಾರು 120 ಅಡಿ ಎತ್ತರ. ದೂರದಿಂದ ಕಲ್ಲಿನದ್ದು ಅನ್ನಿಸುತ್ತದೆ, ಆದರೆ ಅದು ಕಾಂಕ್ರೀಟ್ ಇಟ್ಟಿಗೆಗಳದ್ದು. 11 ಸಾವಿರಕ್ಕೂ ಹೆಚ್ಚು ಇಟ್ಟಿಗೆಗಳನ್ನು ನದಿಯ ಪಕ್ಕದಲ್ಲೇ ಎರಕ ಹೊಯ್ದು 1908ಕ್ಕೆ ಸಿದ್ಧಮಾಡಿದರು.

ಕಾಲ್‌ಸ್ಟಾಕ್‌ನಿಂದ ಕಾಟೀಲ್‌ಗೆ ಕಾಡಿನ ದಾರಿ. ಒಂದೂವರೆ ಮೈಲಿಯಷ್ಟು. ಹಿಂದಿನ ರಾತ್ರಿ ಮಳೆ ಬಂದು ದಾರಿ ಕೆಸರಾಗಿತ್ತು. ಅಪ್ಪನಿಗೆ 74 ವರ್ಷ, ನಿಧಾನವಾಗಿಯೇ ನಡೆದೆವು. ಮರಗಳ ಕೆಳಗೆ ನೀಲಿ ಹೂವಿನ ಹಾಸು. 11ರ ಗಂಟೆ ಹೊಡೆಯುವಷ್ಟರಲ್ಲಿ ಮನೆಯ ಅಂಗಳದಲ್ಲಿ ಇರಬೇಕು ಎಂದುಕೊಂಡಿದ್ದೆವು, ಆಗಲಿಲ್ಲ. ಇನ್ನೂ ಕಾಡಿನಲ್ಲಿದ್ದಾಗಲೇ 11 ದಾಟಿಹೋಯಿತು. ಅಪ್ಪ ನಿಂತು ಕಿವಿಗೊಟ್ಟರು. ಹಕ್ಕಿಗಳು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಕಾಟೀಲ್ ಅರಮನೆಯಲ್ಲ. ಬೂದು ಕಲ್ಲಿನ, ಗಿಡ್ಡ, ಗಟ್ಟಿ ಮನೆ. ಹೆಬ್ಬಾಗಿಲು ದಾಟಿದರೆ ಚೌಕದ ಅಂಗಳ. ನಮ್ಮ ಕಡೆಯ ತೊಟ್ಟಿಮನೆಯೊಳಗೆ ಕಾಲಿಟ್ಟ ಹಾಗೆ, ನಾಲ್ಕೂ ಕಡೆಯ ಗೋಡೆಗಳು ನಮ್ಮನ್ನು ಒಳಗೆ ಕರೆದುಕೊಂಡವು. 1353ರಲ್ಲಿ ಮದುವೆಯ ಮೂಲಕ ಎಡ್ಜ್‌ಕಂಬ್ ಮನೆತನಕ್ಕೆ ಬಂದ ಆಸ್ತಿ ಇದು. 1947ರವರೆಗೂ ಅದೇ ಮನೆತನದ ಕೈಯಲ್ಲಿತ್ತು. ಆಮೇಲೆ ವಾರಸುದಾರಿಕೆ ತೆರಿಗೆಯ ಬದಲಿಗೆ ಸರ್ಕಾರಕ್ಕೆ ಕೊಟ್ಟರು, ಸರ್ಕಾರ ಅದನ್ನು ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿತು. ಹಾಗೆ ತೆರಿಗೆಗೆ ಬದಲಾಗಿ ಟ್ರಸ್ಟ್ ಸೇರಿದ ಮೊದಲ ಮನೆ ಇದೇ.

ಹಳೆಯ ಕೋಣೆಗಳಲ್ಲಿ ವಿದ್ಯುತ್ ದೀಪ ಇಲ್ಲ. ಕಿಟಕಿಯಿಂದ ಬಂದಷ್ಟೇ ಬೆಳಕು. ಗೋಡೆಗಳಿಗೆಲ್ಲ ದಪ್ಪನೆಯ ಚಿತ್ರಗಂಬಳಿಗಳು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆದರೆ ಹೊಂದಿಕೊಂಡ ಮೇಲೆ ಆ ಕತ್ತಲೆ ಹಿತವೆನಿಸಿತು. ಕಣ್ಣಿಗೆ ಕೆಲಸ ಕಡಿಮೆಯಾದರೆ ಕಿವಿ ತೆರೆದುಕೊಳ್ಳುತ್ತದೆ, ಅಲ್ವಾ?

ಊಟದ ಕೋಣೆ ದಾಟಿ ಮನೆಯೊಳಗಿನ ಪ್ರಾರ್ಥನಾ ಮಂದಿರಕ್ಕೆ ಹೋದೆವು. ಪುಟ್ಟ ಜಾಗ. ಒಳಗೆ ಕಾಲಿಡುವ ಮುಂಚೆಯೇ ಸದ್ದು ಕೇಳಿಸಿತು. ಟಕ್. ಸ್ವಲ್ಪ ತಡೆದು, ಟಕ್. ನಮ್ಮ ಮನೆಯ ಗೋಡೆ ಗಡಿಯಾರದ ಟಿಕ್‌ಟಿಕ್ ಅಲ್ಲ ಅದು. ವಯಸ್ಸಾದವರು ಕೋಲೂರಿ ಮೆಟ್ಟಿಲಿಳಿಯುವ ಹಾಗೆ ಭಾರವಾದ, ಅವಸರವಿಲ್ಲದ ಸದ್ದು.

ಗೋಡೆಯಲ್ಲಿ ಒಂದು ಕಿರಿದಾದ ಗೂಡು. ಅದರೊಳಗೆ ಗಡಿಯಾರ. ಪೆಟ್ಟಿಗೆ ಇಲ್ಲ, ಗಾಜು ಇಲ್ಲ, ಅಂಕಿ ಇಲ್ಲ. ಬಡಿದು ಮಾಡಿದ ಕಬ್ಬಿಣದ ಚೌಕಟ್ಟು, ಅದನ್ನು ಓಕ್ ಮರದ ತೊಲೆಗೆ ಬಿಗಿದಿದ್ದಾರೆ. ಹಲ್ಲಿನ ಚಕ್ರಗಳು, ಹಗ್ಗ, ತೂಕ. ಕಮ್ಮಾರನ ಕೆಲಸ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ನಮ್ಮೂರ ಕುಲುಮೆಯಲ್ಲಿ ಕುಳ, ಗುದ್ದಲಿ ಮಾಡಿದ ಹಾಗೆಯೇ ಕಾಯಿಸಿ ಬಡಿದಿದ್ದಾರೆ. 15ನೇ ಶತಮಾನದ ಕೊನೆಯಲ್ಲೋ 16ನೆಯದರ ಶುರುವಿನಲ್ಲೋ ಇಲ್ಲಿ ಕೂರಿಸಿದ್ದು. ತನ್ನ ಮೊದಲಿನ ಜಾಗದಲ್ಲೇ, ಮೊದಲಿನ ರೂಪದಲ್ಲೇ ಇನ್ನೂ ನಡೆಯುತ್ತಿರುವ ಬ್ರಿಟನ್ನಿನ ಅತಿ ಹಳೆಯ ಗೋಪುರ ಗಡಿಯಾರ ಎಂದು ಇದಕ್ಕೆ ಹೆಸರು.

ಅಲ್ಲಿ ಕುಳಿತಿದ್ದ ಸ್ವಯಂಸೇವಕಿ ಅಜ್ಜಿಯೊಬ್ಬರು ಅಪ್ಪನ ಆಸಕ್ತಿ ನೋಡಿ ಎದ್ದು ಬಂದರು. ಅವರು ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಧ ವಿಷಯ ಅಪ್ಪನಿಗೆ ನೋಡಿಯೇ ಗೊತ್ತಾಗಿತ್ತು.

ಅದು ಕೆಲಸ ಮಾಡುವ ಬಗೆ ಹೀಗೆ. ಹಗ್ಗಕ್ಕೆ ಭಾರದ ತೂಕ ಕಟ್ಟಿದೆ. ಒಂದೊಂದು ಸುಮಾರು 40 ಕಿಲೋ, ಅಂಥವು ಎರಡು. ಒಂದು ತೂಕ ಗಡಿಯಾರವನ್ನು ನಡೆಸುತ್ತದೆ, ಇನ್ನೊಂದು ಗಂಟೆ ಹೊಡೆಸುತ್ತದೆ. ತೂಕ ಕೆಳಗೆ ಇಳಿಯಬೇಕು, ಆದರೆ ಒಂದೇ ಸಲ ಧೊಪ್ಪೆಂದು ಬೀಳಬಾರದು. ಬಾವಿಗೆ ಬಿಟ್ಟ ಬಿಂದಿಗೆಯ ಹಗ್ಗವನ್ನು ಕೈಯಲ್ಲಿ ತಡೆದು ತಡೆದು ಬಿಡುತ್ತೇವಲ್ಲ, ಆ ಕೈಯ ಕೆಲಸವನ್ನು ಇಲ್ಲಿ ಒಂದು ಅಡ್ಡಪಟ್ಟಿ ಮಾಡುತ್ತದೆ. ಅದಕ್ಕೆ ಫೋಲಿಯಟ್ ಎನ್ನುತ್ತಾರೆ. ತಕ್ಕಡಿಯ ದಂಡಿಗೆಯ ಹಾಗೆ ಅಡ್ಡಲಾಗಿ ನೇತಾಡುವ ಪಟ್ಟಿ, ಎರಡೂ ತುದಿಗೆ ಚಿಕ್ಕ ತೂಕಗಳು. ಅದರ ನಡುವಿನಿಂದ ಇಳಿದ ಕಡ್ಡಿಗೆ ಎರಡು ಸಣ್ಣ ರೆಕ್ಕೆಗಳು. ಆ ರೆಕ್ಕೆಗಳು ಗರಗಸದ ಹಲ್ಲಿನಂಥ ಚಕ್ರವನ್ನು ಒಂದೊಂದೇ ಹಲ್ಲಿಗೆ ತಡೆದು ಬಿಡುತ್ತವೆ. ಪಟ್ಟಿ ಬಲಕ್ಕೆ ತಿರುಗಿದಾಗ ಒಂದು ಟಕ್, ಎಡಕ್ಕೆ ತಿರುಗಿದಾಗ ಇನ್ನೊಂದು. ಗಡಿಯಾರ ಮುಂದೆ ಓಡುತ್ತಿದ್ದರೆ ತುದಿಯ ತೂಕಗಳನ್ನು ಹೊರಕ್ಕೆ ಸರಿಸಬೇಕು, ನಿಧಾನವಾದರೆ ಒಳಕ್ಕೆ.

ಇಂಥ ಗಡಿಯಾರಗಳು ದಿನಕ್ಕೆ ಕಾಲು ಗಂಟೆಯಷ್ಟು ಹಿಂದೆಮುಂದೆ ಆಗುತ್ತಿದ್ದವು. ಆಗ ಬಿಸಿಲು ಗಡಿಯಾರ ನೋಡಿ ಸರಿಮಾಡಿಕೊಳ್ಳುವುದು ವಾಡಿಕೆ. 1656ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಲೋಲಕದ ಗಡಿಯಾರ ಮಾಡಿದ ಮೇಲೆ ತಪ್ಪು ದಿನಕ್ಕೆ ಕೆಲವು ಸೆಕೆಂಡುಗಳಿಗೆ ಇಳಿಯಿತು. ಯುರೋಪಿನ ತುಂಬ ಹಳೆಯ ಗಡಿಯಾರಗಳ ಫೋಲಿಯಟ್ ಕಿತ್ತು ಲೋಲಕ ಹಾಕಿದರು. ಕಾಟೀಲ್‌ನದನ್ನು ಮಾತ್ರ ಯಾರೂ ಮುಟ್ಟಲಿಲ್ಲ. 16ನೇ ಶತಮಾನದಲ್ಲಿ ಮನೆತನದವರು ನದಿ ಸಮುದ್ರ ಸೇರುವ ಕಡೆ ಮೌಂಟ್ ಎಡ್ಜ್‌ಕಂಬ್ ಎಂಬ ಹೊಸ ಮನೆ ಕಟ್ಟಿಕೊಂಡಿದ್ದರು. ಬರಬರುತ್ತಾ ಅದೇ ಅವರ ಮುಖ್ಯ ಮನೆಯಾಯಿತು. ಕಾಟೀಲ್ ಅಜ್ಜನ ಕಾಲದ ಮನೆಯಾಗಿ ಉಳಿಯಿತು. 1789ರಲ್ಲಿ ದೊರೆ ಮೂರನೇ ಜಾರ್ಜ್ ಬಂದಿದ್ದೂ ಅದನ್ನು ಹಳೆಯ ಕಾಲದ ಮನೆ ಎಂದು ನೋಡಲಿಕ್ಕೇ. ಸಿರಿವಂತರು ಇಲ್ಲೇ ಕಾಯಂ ಇದ್ದಿದ್ದರೆ ಈ ಗಡಿಯಾರ ಎಂದೋ ಬದಲಾಗುತ್ತಿತ್ತು ಎಂದೇ ನನಗನ್ನಿಸುತ್ತದೆ.

12 ಗಂಟೆಗೆ ಇನ್ನೆರಡು ನಿಮಿಷ. ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು. ಇದ್ದ ನಾಲ್ಕೈದು ಜನ ಸುಮ್ಮನಾದೆವು.

ಒಳಗೆ ಏನೋ ಕಳಚಿಕೊಂಡ ಸದ್ದಾಯಿತು. ಚಕ್ರಗಳು ಗರಗರ ತಿರುಗಿದವು. ತಲೆಯ ಮೇಲೆ, ಮಾಡಿನ ಮೇಲಿನ ಪುಟ್ಟ ಗಂಟೆಗೂಡಿನಿಂದ ಮೊದಲ ಪೆಟ್ಟು ಬಿತ್ತು. ದೇವಸ್ಥಾನದ ಗಂಟೆಗೆ ಒಳಗೆ ನಾಲಿಗೆ ಇರುತ್ತದೆ, ಗಂಟೆಯೇ ಅಲುಗಾಡುತ್ತದೆ. ಗಡಿಯಾರದ ಗಂಟೆ ಅಲುಗುವುದಿಲ್ಲ, ಸುತ್ತಿಗೆ ಬಂದು ಹೊಡೆದು ಹೋಗುತ್ತದೆ. ಹಾಗಾಗಿ ಸದ್ದು ಬಿಡಿಬಿಡಿ. ಒಂದು ಪೂರ್ತಿ ಕರಗುವ ಹೊತ್ತಿಗೆ ಮುಂದಿನದು. ಅಪ್ಪ ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಸರಿಸುತ್ತಾ ಎಣಿಸುತ್ತಿದ್ದರು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು.

ಮುಗಿದ ಮೇಲೂ ಅಪ್ಪ ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಿದ್ದರು.

ಆಮೇಲೆ ಹೊರಗೆ ಬೆಂಚಿನ ಮೇಲೆ ಕುಳಿತು ಚಪಾತಿ ಬಿಚ್ಚಿದಾಗ ಅಪ್ಪನ ಮೇಷ್ಟ್ರುತನ ಶುರುವಾಯಿತು. "ಒಂದರಿಂದ ಹನ್ನೆರಡರವರೆಗೆ ಕೂಡು." 78. "ದಿನಕ್ಕೆ ಎರಡು ಸುತ್ತು." 156. ದಿನಕ್ಕೆ 156 ಪೆಟ್ಟು. ಆ ಕಾಲದ ಗಡಿಯಾರಗಳಲ್ಲಿ ಇದನ್ನು ಎಣಿಸಲು ಒಂದು ಚಕ್ರವೇ ಇರುತ್ತಿತ್ತು. ಅದರ ಅಂಚಿನಲ್ಲಿ ಕಚ್ಚುಗಳು. ಒಂದು ಕಚ್ಚಿನಿಂದ ಮುಂದಿನ ಕಚ್ಚಿಗೆ ದೂರ ಬೆಳೆಯುತ್ತಾ ಹೋಗುತ್ತದೆ, ಒಂದು ಪೆಟ್ಟಿಗೆ ಸಣ್ಣ ದೂರ, 12ಕ್ಕೆ ದೊಡ್ಡ ದೂರ. ಕೊಕ್ಕೆ ಕಚ್ಚಿಗೆ ಬಿದ್ದಾಗ ಹೊಡೆತ ನಿಲ್ಲುತ್ತದೆ. ಆ ಚಕ್ರಕ್ಕೆ ಈಗ ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಹಿಂದಿನ ಸಲ ಎಷ್ಟು ಹೊಡೆದಿದ್ದೆ ಎಂಬುದಷ್ಟೇ ಅದಕ್ಕೆ ಲೆಕ್ಕ. ಒಮ್ಮೆ ತಪ್ಪಿದರೆ ಯಾರಾದರೂ ಬಂದು ಸರಿಮಾಡುವವರೆಗೂ ತಪ್ಪೇ.

"ಅದಕ್ಕೇ ಒಬ್ಬ ಮನುಷ್ಯ ಅದರ ಜೊತೆಗೆ ಇರಲೇಬೇಕು" ಎಂದರು ಅಪ್ಪ. ಊರಲ್ಲಿ ಭಾನುವಾರ ಬೆಳಿಗ್ಗೆ ಕುರ್ಚಿ ಹತ್ತಿ ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವರು ಅವರು. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಇಂಗ್ಲಿಷಿನ ಕ್ಲಾಕ್ ಎಂಬ ಮಾತು ಬಂದಿರುವುದು ಲ್ಯಾಟಿನ್ನಿನ ಕ್ಲೋಕ್ಕಾ ಎಂಬುದರಿಂದ. ಅದರ ಅರ್ಥ ಗಂಟೆ. ಇದನ್ನು ಅಪ್ಪನಿಗೆ ಹೇಳಿದೆ. ಇಂಗ್ಲಿಷಿನವರಿಗೆ ಇದು ಮರೆತೇಹೋಗಿದೆ. ನಾವು ಮಾತ್ರ ದಿನಾ ಹೇಳುತ್ತೇವೆ, ಎಷ್ಟು ಗಂಟೆ ಎಂದು. ಪೂಜೆಗೆ ಅಲ್ಲಾಡಿಸುವುದೂ ಗಂಟೆ, ಶಾಲೆಯ ಕಂಬಿ ತುಂಡೂ ಗಂಟೆ, 60 ನಿಮಿಷವೂ ಗಂಟೆ. ಗಂಟೆ ಎಷ್ಟು ಹೊಡೆಯಿತು ಎಂದು ಕೇಳುತ್ತೇವೆ. ಅದಕ್ಕೂ ಮೊದಲು ತಳದಲ್ಲಿ ತೂತಿದ್ದ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ಮುಳುಗಿದಾಗ ಒಂದು ಘಳಿಗೆ ಎಂದು ಜಾಗಟೆ ಬಾರಿಸುತ್ತಿದ್ದ ಕಾಲವಿತ್ತು. 24 ನಿಮಿಷಕ್ಕೆ ಒಂದು ಘಳಿಗೆ, ದಿನಕ್ಕೆ 60. ಅಲ್ಲೂ ಹೊತ್ತು ಕಿವಿಗೇ ಬರುತ್ತಿತ್ತು. ಮುಖವಿಲ್ಲದ ಗಡಿಯಾರ ಎಂದು ನಾನು ವಿಚಿತ್ರವಾಗಿ ಹೇಳಿದ್ದೆ. ಅಂಗಳದಲ್ಲಿ ಕುಳಿತಾಗ ಅದು ವಿಚಿತ್ರ ಎನಿಸಲೇ ಇಲ್ಲ. ತೋಟದವನಿಗೆ, ಅಡುಗೆಯವಳಿಗೆ, ಲಾಯದವನಿಗೆ, ಎಲ್ಲರಿಗೂ ಒಂದೇ ಗಂಟೆ. ಕೆಲಸ ಬಿಟ್ಟು ಬಂದು ನೋಡಬೇಕಾಗಿಲ್ಲ. ಅಂಕಿ ಓದಲು ಬರಬೇಕಾಗಿಯೂ ಇಲ್ಲ.

ದಿನ 3: ಕಾಡು, ನದಿ, ಮತ್ತೆ ಗಂಟೆ

ನನ್ನ ಲೆಕ್ಕದಲ್ಲಿ ಇವತ್ತು ಸಮುದ್ರ ತೀರಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಅಪ್ಪ ಮೆಲ್ಲಗೆ ಕೇಳಿದರು, "ಇನ್ನೊಂದ್ಸಲ ಅಲ್ಲಿಗೇ ಹೋಗೋಣ್ವಾ? ಒಳಗಿಂದ ಕೇಳಿದ್ದಾಯ್ತು. ಹೊರಗೆ ಹೇಗೆ ಕೇಳಿಸುತ್ತೋ." ಆ ಗಂಟೆ ಹೊರಗಿನವರಿಗಾಗಿಯೇ ಇದ್ದದ್ದು, ಅವರ ಮಾತು ಸರಿ. ಅದೇ ರೈಲು, ಅದೇ ಕಾಡಿನ ದಾರಿ.

ಈ ಸಲ ನದಿಯ ಮೇಲಿನ ಬಂಡೆಯ ಅಂಚಿನಲ್ಲಿರುವ ಪುಟ್ಟ ಗುಡಿಯಂಥ ಪ್ರಾರ್ಥನಾ ಮಂದಿರದ ಬಳಿ ನಿಂತೆವು. ಇದರ ಕಥೆ ಚೆನ್ನಾಗಿದೆ. 1483ರಲ್ಲಿ ಮನೆಯ ಒಡೆಯ ರಿಚರ್ಡ್ ಎಡ್ಜ್‌ಕಂಬ್ ದೊರೆ ಮೂರನೇ ರಿಚರ್ಡ್ ವಿರುದ್ಧದ ದಂಗೆಗೆ ಸೇರಿದ. ದಂಗೆ ಮುರಿಯಿತು. ದೊರೆಯ ಕಡೆಯವರು ಅಟ್ಟಿಸಿಕೊಂಡು ಬಂದರು. ಈ ಕಾಡಿನಲ್ಲೇ ಅಡಗಿದ ರಿಚರ್ಡ್, ತನ್ನ ಟೋಪಿಯೊಳಗೆ ಒಂದು ಕಲ್ಲಿಟ್ಟು ನದಿಗೆ ಎಸೆದ. ಧುಡುಂ ಎಂಬ ಸದ್ದು ಕೇಳಿ, ಮೇಲೆ ಬಂದು ನೋಡಿದವರಿಗೆ ನೀರಿನಲ್ಲಿ ಟೋಪಿ ಕಂಡಿತು. ಮುಳುಗಿ ಸತ್ತ ಎಂದು ಹಿಂದಿರುಗಿದರು. ಅವನು ಫ್ರಾನ್ಸಿನ ಕಡೆಯ ಕರಾವಳಿಯ ಬ್ರಿಟನಿ ಎಂಬ ಸೀಮೆಗೆ ತಪ್ಪಿಸಿಕೊಂಡು ಹೋಗಿ, 1485ರಲ್ಲಿ ಆ ದೊರೆಯನ್ನು ಸೋಲಿಸಿದ ಹೆನ್ರಿ ಟ್ಯೂಡರ್ ಜೊತೆ ಗೆದ್ದು ಬಂದ. ತನ್ನ ಜೀವ ಉಳಿದ ಜಾಗದಲ್ಲಿ ಹರಕೆ ತೀರಿಸುವ ಹಾಗೆ ಈ ಮಂದಿರ ಕಟ್ಟಿಸಿದ. 1489ರಲ್ಲಿ ತೀರಿಕೊಂಡ. ಅವನ ನಂತರ ಮಗ ಪಿಯರ್ಸ್ ಮನೆಯ ಕೆಲಸ ಮುಂದುವರಿಸಿದ. ಗಡಿಯಾರ ಬಂದದ್ದು ಈ ಅಪ್ಪ ಮಗನ ಕಾಲದಲ್ಲೇ.

ಅಲ್ಲಿಂದ ದೋಣಿಕಟ್ಟೆಗೆ ಇಳಿದೆವು. ರಸ್ತೆ, ರೈಲು ಬರುವ ಮುಂಚೆ ಈ ಕಣಿವೆಯ ಎಲ್ಲ ಸಾಗಾಟ ನದಿಯಲ್ಲೇ. ಸುಣ್ಣದ ಗೂಡುಗಳು ಇನ್ನೂ ನಿಂತಿವೆ. 1899ರಲ್ಲಿ ಕಟ್ಟಿದ ಶ್ಯಾಮ್‌ರಾಕ್ ಎಂಬ ಹಾಯಿದೋಣಿಯನ್ನು ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ. ಈ ಇಳಿಜಾರುಗಳಲ್ಲಿ ಬೆಳೆದ ಚೆರ್ರಿ, ಸ್ಟ್ರಾಬೆರಿ ದೋಣಿಯಲ್ಲೇ ಪ್ಲಿಮತ್ ಮಾರುಕಟ್ಟೆಗೆ ಹೋಗುತ್ತಿದ್ದವಂತೆ. ಹೋಟೆಲಿನಲ್ಲಿ ಸ್ಕೋನ್ ಎಂಬ ಬನ್ನಿನಂಥ ತಿಂಡಿ ತಿಂದೆವು. ಕಾರ್ನ್‌ವಾಲ್‌ನಲ್ಲಿ ಮೊದಲು ಜಾಮ್, ಮೇಲೆ ಕೆನೆ. ನದಿಯಾಚೆ ಡೆವನ್‌ನಲ್ಲಿ ಮೊದಲು ಕೆನೆ. ಅಪ್ಪನಿಗೆ ಕೆನೆ ಜಾಸ್ತಿ ಇಷ್ಟವಾಯಿತು, ಊರ ಎಮ್ಮೆ ಹಾಲಿನ ಕೆನೆ ನೆನಪಾಯಿತು ಎಂದರು.

ಎರಡು ಗಂಟೆಗೆ ಸ್ವಲ್ಪ ಮುಂಚೆ ಮನೆಯ ಹತ್ತಿರದ ಹುಲ್ಲುಹಾಸಿಗೆ ಬಂದೆವು. ಗಾಳಿ ಇತ್ತು. ನಮ್ಮ ಪಕ್ಕದಲ್ಲಿ ತೋಟದ ಕೆಲಸದವನೊಬ್ಬ ಪಾತಿ ಕೆದಕುತ್ತಿದ್ದ. ಗಂಟೆ ಹೊಡೆಯಿತು. ಎರಡೇ ಪೆಟ್ಟು. ಒಳಗೆ ಕೇಳಿದ್ದಕ್ಕಿಂತ ತೆಳು, ಆದರೆ ಸ್ಪಷ್ಟ. ಆತ ತಲೆ ಎತ್ತಲಿಲ್ಲ. ಕೈಯ ಸಲಾಕೆ ನೆಲಕ್ಕೆ ಊರಿ, ಕೈಗವಸು ಕಳಚಿ, ನೀರಿನ ಬಾಟಲಿ ತೆಗೆದುಕೊಂಡ.

ಅಪ್ಪ ನನ್ನ ಮೊಣಕೈ ಹಿಡಿದು ಒತ್ತಿದರು. "ನೋಡಿದ್ಯಾ?" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಹೊಲದಲ್ಲಿ ಕಳೆ ಕೀಳುತ್ತಿದ್ದವರು ನನಗೂ ನೆನಪಾದರು.

ಇನ್ನೊಂದು ವಿಷಯ ಹೇಳಲೇಬೇಕು. ಈ ಊರಲ್ಲಿ ಸೂರ್ಯ ನೆತ್ತಿಗೆ ಬರುವುದು ಲಂಡನ್ನಿನ ಗ್ರೀನಿಚ್‌ಗಿಂತ ಸುಮಾರು 17 ನಿಮಿಷ ತಡವಾಗಿ. ರೈಲು ಬರುವ ಮುಂಚೆ ಒಂದೊಂದು ಊರಿಗೂ ಅದರದೇ ಹೊತ್ತು ಇತ್ತು. 1880ರಲ್ಲಿ ಕಾನೂನು ಮಾಡಿ ಇಡೀ ಬ್ರಿಟನ್ನಿಗೆ ಗ್ರೀನಿಚ್ ಸಮಯ ಎಂದರು. ರೈಲಿನ ಕಾಲಕ್ಕೂ ಮೊದಲು ಗಂಟೆ ಎಂದರೆ ಆ ಊರಿನ ಸೂರ್ಯನ ಗಂಟೆ. ನನ್ನ ಫೋನಿನ ಸಮಯ ಲಂಡನ್ನಿನಲ್ಲೂ ಇಲ್ಲೂ ಒಂದೇ. ಅನುಕೂಲವೇನೋ ಹೌದು. ಆದರೆ ತನ್ನ ಊರಿನ ಮಧ್ಯಾಹ್ನವನ್ನು ತನ್ನದೇ ಗಂಟೆಯಲ್ಲಿ ಕೇಳುತ್ತಿದ್ದವರ ಬಗ್ಗೆ ನನಗೆ ಅಸೂಯೆಯಾಯಿತು.

ದಿನ 4: ಸಾಲ್ಸ್‌ಬರಿ ಮೂಲಕ ಮನೆಗೆ

ವಾಪಸ್ ಹೋಗುವಾಗ ಎಕ್ಸೆಟರ್‌ನಲ್ಲಿ ರೈಲು ಬದಲಿಸಿ ಸಾಲ್ಸ್‌ಬರಿಯಲ್ಲಿ ಇಳಿದೆವು. ಅಲ್ಲಿನ ಕೆಥೆಡ್ರಲ್ಲಿನ ಶಿಖರ 123 ಮೀಟರ್, ದೇಶದಲ್ಲೇ ಎತ್ತರದ್ದು. ನಾವು ಹೋಗಿದ್ದು ಶಿಖರಕ್ಕಲ್ಲ, ಒಳಗೆ ನೆಲದ ಮೇಲೆ ನಿಲ್ಲಿಸಿರುವ ಗಡಿಯಾರಕ್ಕೆ. ಸುಮಾರು 1386ರದ್ದು, ಅಂದರೆ ಕಾಟೀಲ್‌ನದಕ್ಕಿಂತ ನೂರು ವರ್ಷ ಹಳೆಯದು. ಇದಕ್ಕೂ ಮುಖವಿಲ್ಲ. ಆದರೆ ಇದರ ಪಾಡು ಬೇರೆ. ಮೊದಲಿದ್ದ ಗಂಟೆಗೋಪುರವನ್ನೇ ಕೆಡವಿದರು. ಗಡಿಯಾರಕ್ಕೆ ನಡುವೆ ಲೋಲಕ ಹಾಕಿದ್ದರು. ಹೊಸ ಗಡಿಯಾರ ಬಂದ ಮೇಲೆ ಇದು ಮೂಲೆ ಸೇರಿ, ಎಷ್ಟೋ ವರ್ಷದ ಮೇಲೆ ಸಿಕ್ಕಿತು. 1956ರಲ್ಲಿ ಮತ್ತೆ ಫೋಲಿಯಟ್ ಮಾಡಿ ಕೂರಿಸಿದರು.

ಅಪ್ಪ ಅದರ ಸುತ್ತ ಎರಡು ಸಲ ನಡೆದರು. ದೊಡ್ಡದು, ಎಲ್ಲ ಭಾಗಗಳೂ ಚೆನ್ನಾಗಿ ಕಾಣುತ್ತವೆ, ಕಾಟೀಲ್‌ನಲ್ಲಿ ಗೂಡಿನೊಳಗೆ ಸರಿಯಾಗಿ ಕಾಣದ ಚಕ್ರಗಳೂ ಇಲ್ಲಿ ಅರ್ಥವಾದವು. ಮಕ್ಕಳಿಗೆ ತೋರಿಸುವುದಾದರೆ ಇದನ್ನೇ ತೋರಿಸಬೇಕು ಎಂದರು. ಆಮೇಲೆ ಮೇಲೆ ನೋಡಿದರು. ಇಲ್ಲಿ ಗಡಿಯಾರದ ತಲೆಯ ಮೇಲೆ ಅದರ ಗಂಟೆಗೂಡು ಇಲ್ಲ.

"ಮನೆ ಬದಲಾಯಿಸಿದೆ ಇದು" ಎಂದರು.

ಹೊರಗೆ ಹುಲ್ಲಿನ ಮೇಲೆ ಕುಳಿತು ಕೊನೆಯ ಚಕ್ಕುಲಿಗಳನ್ನು ತಿಂದೆವು. ಅಪ್ಪ ನನ್ನ ಫೋನ್ ತೆಗೆದುಕೊಂಡು ಅಮ್ಮನಿಗೆ ಕರೆ ಮಾಡಿದರು. ಕಾಡಿನ ಕೆಸರು, ಟೋಪಿಯ ಕಲ್ಲು, ಕೆನೆ, 156 ಪೆಟ್ಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅಮ್ಮ ಸ್ಪೀಕರಿನಲ್ಲಿ ಕೇಳಿದರು, "ಗೋಡೆ ಗಡಿಯಾರ ನಿಂತುಹೋಗಿದೆ, ಪಕ್ಕದ ಮನೆ ಹುಡುಗನ್ನ ಕರೆದು ಕೀಲಿ ಕೊಡಿಸ್ಲಾ?"

ಅಪ್ಪ ಸ್ವಲ್ಪ ಯೋಚಿಸಿದರು.

"ಕೊಡಿಸು" ಎಂದರು. "ಆದ್ರೆ ಮೆಲ್ಲಗೆ ಸುತ್ತೋದಕ್ಕೆ ಹೇಳು. ಮುಳ್ಳು ಮುಂದಕ್ಕೆ ತಿರುಗಿಸುವಾಗ ಒಂದೊಂದು ಗಂಟೆಯೂ ಪೂರ್ತಿ ಹೊಡೆದು ಮುಗಿಯೋವರೆಗೂ ಕಾಯಬೇಕು, ಇಲ್ಲಾಂದ್ರೆ ಲೆಕ್ಕ ತಪ್ಪುತ್ತೆ. ಈಗ ಅಲ್ಲಿ ಎಷ್ಟು ಗಂಟೆ?"

"ಎಂಟು" ಎಂದರು ಅಮ್ಮ.